ನೋಯದ ಕೆನ್ನೆ

ನಿನ್ನೆ ಕಪಾಟು ಒರೆಸುವಾಗ ಮೂಲೆಯಲ್ಲೊಂದು ಪಟಿಕದ ತುಂಡು ಸಿಕ್ಕಿತು. ಒದ್ದೆ ಬೆರಳಿಗೆ ಅದು ತಗಲಿದ್ದೇ ತಡ, ಬಿಕರ್ನಕಟ್ಟೆಯ ನಮ್ಮ ಕ್ಷೌರಿಕರು ನೆನಪಾದರು...

ಆಗ ನನಗೆ ಇಪ್ಪತ್ತಮೂರು. ಕುಲಶೇಖರದ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮದುವೆ ನಿಶ್ಚಯವಾಗಿತ್ತು. ಒಂದು ಬೆಳಿಗ್ಗೆ ಅವರ ಕತ್ತಿ ತಾಗಿ ನನ್ನ ಎಡಗೆನ್ನೆಯಿಂದ ರಕ್ತ ಇಳಿಯಿತು. ನಾನು ಮಾತಾಡುತ್ತಲೇ ಇದ್ದೆ. ಪಟಿಕ ಒತ್ತಿದರು, ಉರಿಯಲಿಲ್ಲ. ಅವರ ಕೈ ನಿಂತಿತು.

ಕಣ್ಣು ಮುಚ್ಚಿಸಿ, ನೂಲಿನ ಎಳೆಯಿಂದ ಮುಖವನ್ನೆಲ್ಲ ಮುಟ್ಟುತ್ತ "ಈಗ ಎಲ್ಲಿ?" ಎಂದು ಕೇಳಿದರು. ಹಣೆ, ಗದ್ದ, ಬಲಗೆನ್ನೆ ಎಲ್ಲ ಹೇಳಿದೆ. ಎಡಗೆನ್ನೆಯ ಸರದಿ ಬಂದದ್ದೇ ತಿಳಿಯಲಿಲ್ಲ. ಅಲ್ಲಿ ಬಣ್ಣ ಮಾಸಿದ ಕಲೆಯೊಂದಿತ್ತು. ಬಿಸಿಲಿನದ್ದೆಂದು ಸುಮ್ಮನಿದ್ದೆ.

"ಹಲ್ಲಿನ ಬಾವು ಇರಬಹುದಲ್ಲ?" ಎಂದೆ.

"ಹಲ್ಲುನೋವು ಉಂಟಾ? ಇಲ್ಲವಲ್ಲ. ಬಾಯಿ ಸೊಟ್ಟಗಾಗಿ ಮಾತು ತೊದಲಿದ್ದರೆ ಈಗಲೇ ಗಾಡಿಯಲ್ಲಿ ಹಾಕಿ ಒಯ್ತಿದ್ದೆ. ಇದು ಮೆಲ್ಲ ಬರುವಂಥದ್ದು ಮಾರಾಯ್ರೆ. ನನ್ನ ಅಣ್ಣನಿಗೂ ಹೀಗೇ ಶುರುವಾದದ್ದು. ನಾಚಿಕೆಯಿಂದ ಅಡಗಿಸಿಟ್ಟ. ಬೆರಳು ಹೋಯಿತು."

ನಾನು ಅವರ ಕೈ ಹಿಡಿದೆ. "ಯಾರಿಗೂ ಹೇಳಬೇಡಿ."

"ನಾನು ಹೇಳುವುದಿಲ್ಲ. ನೀವು ಡಾಕ್ಟರಿಗೆ ಹೇಳ್ಬೇಕು. ಏಳಿ, ಹೋಗುವ."

ಅರ್ಧ ಕ್ಷೌರವಾದ ಮುಖಕ್ಕೆ ಬಟ್ಟೆ ಸುತ್ತಿಕೊಂಡು ನಾನು, ಅಂಗಡಿ ಮುಚ್ಚಿ ಅವರು, ಆಸ್ಪತ್ರೆಯವರೆಗೆ ನಡೆದೆವು. ಡಾಕ್ಟರು ಸೂಜಿಮೊನೆ ತಾಗಿಸಿ ನೋಡಿ ಕುಷ್ಠ ಎಂದರು. ಆರಂಭದ್ದು, ಕೈಕಾಲಿನ ನರ ಕೆಟ್ಟಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಆಗ ಅದಕ್ಕಿದ್ದ ಮದ್ದು ವಾರವಾರ ಎಣ್ಣೆಯ ಇಂಜೆಕ್ಷನ್. ಆ ನೋವು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೆಣ್ಣಿನ ಮನೆಗೆ ನಾನೇ ಹೋಗಿ ತಿಳಿಸಿದೆ. ಸಂಬಂಧ ಮುರಿಯಿತು, ಸುದ್ದಿಯೂ ಹಬ್ಬಿತು. ಅಂಗಡಿಯಲ್ಲಿ ಒಬ್ಬರು ನನ್ನೆದುರೇ ಸಿಡುಕಿದರು: "ಇವರನ್ನು ಮುಟ್ಟಿದ ಕೈಯಲ್ಲಿ ನಮ್ಮನ್ನೂ ಮುಟ್ಟುವುದಾ?"

"ಇವರಿಗೆ ಬೇರೆ ಕತ್ತಿ ಉಂಟು, ಕುದಿಸಿ ಇಡ್ತೇನೆ. ಕೈ ತೊಳಿತೇನೆ. ಬೇರೆ ಕೈ ಎಲ್ಲಿಂದ ತರುವುದು?" ಎಂದು ಕ್ಷೌರಿಕರು ನನ್ನ ಕೆನ್ನೆಗೆ ಅಂಗೈ ಕೊಟ್ಟು ಮುಖವನ್ನು ಕತ್ತಿಯತ್ತ ತಿರುಗಿಸಿದರು. ಆ ಗಿರಾಕಿ ಮತ್ತೆ ಬರಲಿಲ್ಲ. ಇನ್ನೂ ಕೆಲವರು ಬಿಟ್ಟರು. ಅವರು ಮಾತ್ರ ನನ್ನನ್ನು ಬಿಡಲಿಲ್ಲ.

ಕೆಲವು ವರ್ಷಗಳಲ್ಲಿ ಕಾಯಿಲೆ ನಿಂತಿತು. ಎಲ್ಲ ತಿಳಿದೂ ಒಪ್ಪಿದವಳೊಡನೆ ಮದುವೆಯಾಯಿತು. ಕೆಲಸಕ್ಕೆಂದು ಊರು ಬಿಟ್ಟೆ. ಕ್ಷೌರಿಕರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳುಗಳ ಮೇಲೆ...

ಎಡಗೆನ್ನೆಯ ಸ್ಪರ್ಶ ಮಾತ್ರ ಮರಳಲಿಲ್ಲ. ಮೊಮ್ಮಗಳು ಅಲ್ಲಿಗೆ ಮುತ್ತು ಕೊಟ್ಟರೆ ಸದ್ದು ಕೇಳಿಸುತ್ತದೆ, ಅಷ್ಟೆ. ಮೊಮ್ಮಗಳಿದ್ದಾಳೆಂದು ಅವರಿಗೆ ಹೇಳಬೇಕಿತ್ತು.