ಮಾಳವ್ವನ ಮೂಗಿನ ಮೇಲೊಂದು ದೂರು

ದೇಶಪಾಂಡೆ ನಗರದ ಆ ಶಿಶುಪಾಲನಾ ಕೇಂದ್ರದ ಗೋಡೆಗೆ ಆರೋಗ್ಯ ಮತ್ತು ಸುರಕ್ಷತೆಯ ಹದಿನಾಲ್ಕು ನಿಯಮಗಳನ್ನು ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದ್ದಾರೆ. ಓದಿ ಒಪ್ಪಿದ್ದೇವೆಂದು ಸಹಿ ಮಾಡಿದ ಪಾಲಕರು ಮೂವತ್ತೊಂದು ಮಂದಿ. ಅವರಲ್ಲಿ ಇಬ್ಬರು ಪ್ರಾಧ್ಯಾಪಕರು, ಮೂವರು ವಕೀಲರು, ಒಬ್ಬ ಬ್ಯಾಂಕ್ ಮ್ಯಾನೇಜರು, ಮತ್ತು ಹೆಂಡತಿಯ ಸಂಬಳದಲ್ಲಿ ಉಂಡು ಹಾಸ್ಯ ಬರೆಯುವ ನಾನು. ನಿಯಮಗಳನ್ನು ನಿಜಕ್ಕೂ ಓದಿದವಳು ಒಬ್ಬಳೇ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಆಯಾ ಮಾಳವ್ವ.

ಮಾಳವ್ವ ಕುರಿ ಸಾಕುವ ಮನೆಯವಳು. ಅವಳಪ್ಪ ಬೆಳಿಗ್ಗೆ ಹಿಂಡು ಬಿಡುವ ಮೊದಲು ಅನುಮಾನ ಬಂದ ಕುರಿಯ ಬಾಯಿ ಮೂಸಿ ನೋಡಿ, ಬೇನೆ ಬಿದ್ದದ್ದನ್ನು ಬೇರೆ ಕಟ್ಟುತ್ತಿದ್ದನಂತೆ. ಗಂಡ ಬೀರಲಿಂಗನ ಹಿಂದೆ ಹುಬ್ಬಳ್ಳಿಗೆ ಬಂದಳು. ಅವನು ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾನೆ, ಇವಳು ಒಂಬತ್ತು ವರ್ಷದಿಂದ ಊರವರ ಮಕ್ಕಳ ಮೂಗು ಒರೆಸುತ್ತಾಳೆ.

ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಜ್ವರದ ಮಗುವಿಗೆ ಔಷಧ ಕುಡಿಸಿ, ಮೈ ತಣ್ಣಗಾದೊಡನೆ ತಂದು ಬಿಟ್ಟುಹೋದರು. ವಾರದೊಳಗೆ ಹನ್ನೊಂದು ಮಕ್ಕಳು ಮಲಗಿದವು. ಎಲ್ಲಕ್ಕಿಂತ ಸಣ್ಣದು, ಏಳು ತಿಂಗಳದ್ದು, ಉಸಿರಾಡಲು ಒದ್ದಾಡತೊಡಗಿದಾಗ ಆಟೋದಲ್ಲಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸತ್ತೂರಿನ ಆಸ್ಪತ್ರೆಗೆ ಓಡಿದವಳು ಮಾಳವ್ವ. ಕೂಸು ಉಳಿದು ಒಂಬತ್ತು ದಿನಕ್ಕೆ ಮನೆಗೆ ಬಂತು. ಜ್ವರ ತಂದವರು ಯಾರೆಂದು ಸುಶಿಕ್ಷಿತರಾದ ನಾವು ಯಾರೂ ಬಾಯಿ ಬಿಡಲಿಲ್ಲ.

ಅಂದಿನಿಂದ ಗೇಟಿನಲ್ಲಿ ಅವಳ ಮೂಗು ನಿಂತಿತು. ಒಡತಿ ಋತುಜಾ ತಂದ ಪಿಸ್ತೂಲಿನಂಥ ಥರ್ಮಾಮೀಟರು ಎಸಿ ಕಾರಿನಿಂದ ಇಳಿದ ಮಕ್ಕಳಿಗೆಲ್ಲ ತೊಂಬತ್ತಾರು ಎಂದು ಸರ್ಟಿಫಿಕೇಟು ಕೊಡುತ್ತಿತ್ತು. ಮಾಳವ್ವ ಅದನ್ನು ಬದಿಗಿಟ್ಟು ಮಗುವನ್ನು ಎತ್ತಿ ಬಾಯಿ ಮೂಸುತ್ತಾಳೆ. ಮಕ್ಕಳು ಕುಡಿಯಲೆಂದು ಜ್ವರದ ಔಷಧಕ್ಕೆ ಹಣ್ಣಿನ ವಾಸನೆ ಬೆರೆಸಿರುತ್ತಾರಲ್ಲ, ಅದು ಸಿಕ್ಕಿತೆಂದರೆ ಗೋಡೆಯ ನಿಯಮದಂತೆ ಮಗು ಬಂದ ದಾರಿಯಲ್ಲೇ ವಾಪಸ್ಸು.

ಒಂದು ಸೋಮವಾರ ನಾನು ಸಿಕ್ಕಿಬಿದ್ದೆ. ಹೆಂಡತಿಗೆ ಆಡಿಟ್ಟು, ನನಗೆ ಧಾರವಾಡದಲ್ಲಿ ಭಾಷಣ. ಮೈ ಬಿಸಿಯಾಗಿದ್ದ ಮೂರು ವರ್ಷದ ಮಗಳು ಚಿನ್ಮಯೀಗೆ ಏಳೂವರೆಗೆ ಒಂದು ಚಮಚ ಔಷಧ ಕುಡಿಸಿ, ಮುಖ ತೊಳೆದು, ಪೌಡರು ಬಳಿದು ಕರೆದೊಯ್ದಿದ್ದೆ.

“ಕಿತ್ತಳಿ ವಾಸನಿ ಬರಾಕತ್ತೈತಿ ಸರ,” ಎಂದಳು ಮಾಳವ್ವ.

“ಮುಂಜಾನೆ ಹಣ್ಣು ತಿಂದಾಳವ್ವಾ.”

“ಇದು ಗಿಡದಾಗ ಬೆಳಿಯೋ ಹಣ್ಣಲ್ಲರಿ, ಬಾಟ್ಲ್ಯಾಗ ಬೆಳಿಯೋದು. ಹನ್ನೊಂದೂವರಿಗೆ ಇದರ ಜೋರು ಇಳೀತೈತಿ. ಆವಾಗ ನೀವು ಫೋನ್ ಎತ್ತಂಗಿಲ್ಲ. ಮನಿಗೆ ಒಯ್ರಿ.”

ನಲವತ್ತೇಳನೆಯ ವಯಸ್ಸಿಗೆ ತಂದೆಯಾದ ನನ್ನನ್ನು ಅವಳು ಮೊದಲ ದಿನ ಅಜ್ಜ ಎಂದುಕೊಂಡಿದ್ದಳು. ಈಗ ಅಷ್ಟೂ ಮರ್ಯಾದೆ ಉಳಿಯಲಿಲ್ಲ.

ಹೀಗೆ ವಾಪಸ್ಸು ಹೋದವರೆಲ್ಲ ವಾಟ್ಸಾಪಿನಲ್ಲಿ ಒಗ್ಗಟ್ಟಾದೆವು. ಮುಂದಾಳು ಬ್ಯಾಂಕ್ ಮ್ಯಾನೇಜರ್ ಕಲ್ಲೇಶ. ದೂರು ಬರೆಯಲು, ಭಾಷೆ ಬಲ್ಲವನೆಂದು ನನ್ನನ್ನು ಹಿಡಿದರು. ಹೊಗಳಿದರೆ ನಾನು ಯಾವ ಕೊಳಚೆಗೂ ಇಳಿಯುತ್ತೇನೆ. “ಅವೈಜ್ಞಾನಿಕ, ಅಶುಚಿ ಹಾಗೂ ಮಕ್ಕಳ ಘನತೆಗೆ ಕುಂದು ತರುವ ಈ ಪದ್ಧತಿ” ಎಂದು ಶುರುಮಾಡಿ, ಆಕೆಯನ್ನು ಕೆಲಸದಿಂದ ತೆಗೆಯಬೇಕೆಂದು ಮುಗಿಸಿದೆ. ಹಾಳೆಯ ಮೇಲೆ ಕೈಯಾರೆ ಚಂದಾಗಿ ನಕಲಿಳಿಸಿ, ಎರಡು ಸಲ ಓದಿ ಮೆಚ್ಚಿಕೊಂಡೆ ಕೂಡ.

ಶನಿವಾರ ಸಂಜೆ ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಸಭೆ. ತೊಡೆಯ ಮೇಲೆ ಮಕ್ಕಳು, ಋತುಜಾಳ ಕೈಯಲ್ಲಿ ದೂರಿನ ಹಾಳೆ.

“ಎಲ್ಲಾರೂ ಸಹಿ ಮಾಡಿದ್ರ ನನಗ ಬ್ಯಾರೆ ದಾರಿ ಇಲ್ಲ, ಮಾಳವ್ವ,” ಎಂದಳು ಋತುಜಾ.

“ನಮ್ಮ ಮಕ್ಕಳೇನು ಕುರಿ ಏನ, ಬಾಯಿ ಮೂಸಾಕ?” ಎಂದು ಕಲ್ಲೇಶ ಗುಡುಗಿದರು.

“ಕುರಿಗೆ ಹೋಲಿಸಬ್ಯಾಡ್ರಿ ಸಾಹೇಬ್ರ. ಮರಿ ಬ್ಯಾನಿ ಮುಚ್ಚಿ ಹಿಂಡಿಗೆ ದಬ್ಬೋ ತಾಯಿ ಕುರಿ ನಾ ಒಂದೂ ನೋಡಿಲ್ಲ.” ಮಾಳವ್ವ ಋತುಜಾಳತ್ತ ತಿರುಗಿದಳು. “ಅಕ್ಕಾರ, ನಾ ಇವತ್ತ ಕೆಲಸ ಬಿಡ್ತೀನಿ. ಆದ್ರ ಒಂದ ಮಾತು. ‘ಜ್ವರದ ಔಷಧ ಕುಡಿಸಿ ಇಲ್ಲಿ ಎಂದೂ ಬಿಟ್ಟುಹೋಗಿಲ್ಲ’ ಅಂತ ಒಬ್ಬೊಬ್ಬರೂ ತಮ್ಮ ಕೂಸಿನ ತಲಿಮ್ಯಾಲೆ ಕೈ ಇಟ್ಟು ಹೇಳ್ಲಿ. ಆಮ್ಯಾಲೆ ಸಹಿ ಹಾಕ್ಲಿ.”

“ಇದೆಂಥಾ ಹಳ್ಳಿ ಆಟ! ಮೂಢನಂಬಿಕಿ!” ಎಂದರು ಕಲ್ಲೇಶ.

“ಖರೇ ಇದ್ರ ಕೈ ಇಡಾಕ ಏನ ತ್ರಾಸರಿ?”

ಸುಳ್ಳಿನ ಕೆಳಗೆ ಸಹಿ ಹಾಕಲು ನಮ್ಮಲ್ಲಿ ಯಾರ ಕೈಯೂ ಎಂದೂ ನಡುಗಿಲ್ಲ. ಇಲ್ಲಿ ಕೇಳಿದ್ದು ಸಹಿಯನ್ನಲ್ಲ. ಕಲ್ಲೇಶರ ಕೈ ಮಗನ ತಲೆಯ ಹತ್ತಿರದವರೆಗೆ ಹೋಗಿ, ದಾರಿ ಬದಲಿಸಿ ತಮ್ಮದೇ ಕಿವಿ ಕೆರೆಯಿತು. ವಕೀಲರು ಮೂವರೂ ಮಕ್ಕಳನ್ನು ಮೆಲ್ಲಗೆ ಕೆಳಗಿಳಿಸಿದರು. ತಲೆಯೇ ದೂರ ಹೋದರೆ ಕೈ ಇಡುವುದೆಲ್ಲಿ?

ಹಾಳೆ ನನ್ನ ಮುಂದೆ ಬಂತು.

“ಬರದವರು ನೀವು. ನೀವ ಶುರು ಮಾಡ್ರಿ ಸರ,” ಎಂದಿತು ಯಾವುದೋ ದನಿ.

ಮೂಢನಂಬಿಕೆಯ ವಿರುದ್ಧ ನಾನು ಮೂರು ಲೇಖನ ಬರೆದಿದ್ದೇನೆ. ಮೂರನ್ನೂ ನೆನೆದೆ, ಒಂದೂ ನೆರವಿಗೆ ಬರಲಿಲ್ಲ. ತೊಡೆಯ ಮೇಲಿದ್ದ ಚಿನ್ಮಯೀ ಮಾತ್ರ, ನಾನು ಅರ್ಧಕ್ಕೆ ಎತ್ತಿದ ಕೈ ಕಂಡು ಅಪ್ಪ ತಲೆ ನೇವರಿಸುತ್ತಾನೆಂದು ತಿಳಿದು, ಅದನ್ನು ತನ್ನ ಎರಡೂ ಕೈಯಿಂದ ಹಿಡಿದು ಜುಟ್ಟಿನ ಕಡೆ ಎಳೆದುಕೊಂಡಳು. ಬಿಸಿ ಹಂಚು ಮುಟ್ಟಿದವನಂತೆ ನಾನು ಕೈ ಕಸಿದುಕೊಂಡೆ.

ಎಲ್ಲರೂ ನೋಡಿದರು. ಚಿನ್ಮಯೀ ಅಳತೊಡಗಿದಳು.

ಮಾಳವ್ವ ಅವಳನ್ನು ಎತ್ತಿಕೊಂಡಳು. “ಸುಮ್ಕಿರವ್ವಾ. ಅಪ್ಪಗ ಕೈ ನೋಯಾಕತ್ತೈತಿ.”

ಕಲ್ಲೇಶರಿಗೆ ಯಾವುದೋ ತುರ್ತು ಕೆಲಸ ನೆನಪಾಯಿತು. ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಮೆಟ್ಟಿಲು ಇಳಿದರು. ಉಳಿದವರೂ ಒಬ್ಬೊಬ್ಬರಾಗಿ ಹೊರಟರು. ಕ್ಷಮಿಸು ಎಂದವರು ಯಾರೂ ಇಲ್ಲ. ಹಾಳೆಯಲ್ಲಿ ಒಂದು ಸಹಿಯೂ ಇರಲಿಲ್ಲ.

“ಸೋಮವಾರ ಗೇಟಿಗೆ ನೀನ ನಿಂದ್ರು, ಮಾಳವ್ವ,” ಎಂದಳು ಋತುಜಾ.

“ನಿಂದರ್ತೀನ್ರಿ ಅಕ್ಕಾರ,” ಎಂದು ಮಾಳವ್ವ ಚಿನ್ಮಯೀಯನ್ನು ನನ್ನ ಹೆಗಲಿಗೆ ದಾಟಿಸಿ, ನನ್ನನ್ನೇ ನೋಡುತ್ತ ಗದ್ದದಿಂದ ಹಾಳೆ ತೋರಿಸಿದಳು. “ಅದನ್ನ ಬರದವರಿಗೆ ಹೇಳ್ರಿ, ಅಕ್ಷರ ದುಂಡಗ ಅದಾವು.”