ತಂಗೂಸಿಯ ಪಕ್ಷ

ಆ ಭಾನುವಾರ ಗುತ್ತಲದ ಆಚೆ ಹೊಳೆದಂಡೆಯಲ್ಲಿ ದಾರ ಹರಿಯಿತೋ, ಬರೀ ಗಂಟು ಬಿಚ್ಚಿತೋ ನನಗೆ ಖಾತ್ರಿಯಿಲ್ಲ. ಹರಿಯಿತೆಂದು ಹತ್ತು ವರ್ಷ ಹೇಳುತ್ತ ಬಂದಿದ್ದೇನೆ. ಹತ್ತು ವರ್ಷ ಹೇಳಿದ್ದು ಕಣ್ಣಾರೆ ಕಂಡಂತೆಯೇ ಆಗಿಬಿಡುತ್ತದೆ. ನೆನಪಿನ ಯೋಗ್ಯತೆ ಅಷ್ಟೇ.

ಗಾಳ ಹಾಕುವವರ ಮಾತನ್ನು ನಾನು ಎಂದೂ ನಂಬಿದವನಲ್ಲ. ಕೈಗೆ ಸಿಕ್ಕ ಮೀನು ಗೇಣುದ್ದ, ತಪ್ಪಿಸಿಕೊಂಡದ್ದು ಮಾತ್ರ ಯಾವಾಗಲೂ ಮೊಳದುದ್ದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಗುಮಾಸ್ತನಾಗಿದ್ದ ಮಲ್ಲೇಶಿಯೂ ಆ ಪೈಕಿಯವನೇ. ಭಾನುವಾರ ಬಂತೆಂದರೆ ರಾಣೆಬೆನ್ನೂರಿಗೆ ಬಂದು ನನ್ನನ್ನು ಹೊಳೆಗೆ ಎಳೆದೊಯ್ಯುತ್ತಿದ್ದ. ಅವನನ್ನು ಬಿಟ್ಟರೆ ನನಗೆ ಗೆಳೆಯನೆಂಬುವನೂ ಇರಲಿಲ್ಲ.

ಒಮ್ಮೆ ಅವನು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ಗಾಳದ ದಾರ ತಂದ. ಒಂಟಿ ಎಳೆಯ ನೈಲಾನ್ ತಂಗೂಸಿಗಿಂತ ಇದು ಗಟ್ಟಿ, ಅಷ್ಟೇ ದಪ್ಪಕ್ಕೆ ಹೆಚ್ಚು ಭಾರ ತಡೆಯುತ್ತದೆ ಎಂದ. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವನು. ಹೆಣಿಗೆಯ ಸಂದಿಯಲ್ಲಿರುವುದು ಗಾಳಿ, ಗಾಳಿ ಮೀನು ಎತ್ತುವುದಿಲ್ಲ ಎಂದು ನಕ್ಕೆ. ಮುಂದಿನ ವಾರ ನಾನು ಪಾಠ ಹೇಳುತ್ತಿದ್ದ ಕಾಲೇಜಿನಿಂದ, ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜನ್ನು ಜೇಬಿಗಿಳಿಸಿಕೊಂಡು ಹೋದೆ. ಮೆತ್ತನೆಯ ದಾರವನ್ನು ಅದರ ಬಾಯಲ್ಲಿ ಹಿಂಡಿದರೆ ಬೇಕಾದ ದಪ್ಪ ಸಿಗುತ್ತದೆಂಬುದು, ಹುಡುಗರಿಗೆ ಅಳತೆ ಕಲಿಸುತ್ತಿದ್ದ ನನಗೆ ಆಗ ಹೊಳೆಯಲಿಲ್ಲ. ಎರಡೂ ಒಂದೇ ದಪ್ಪ ಎಂದು ಸಾರಿದೆ. ಜಾಲಿ ಮರದ ಕೊಂಬೆಗೆ ಎರಡನ್ನೂ ನಾನೇ ಒಂದೇ ಬಗೆಯ ಗಂಟು ಹಾಕಿ ಕಟ್ಟಿದೆ. ಒಂದೊಂದಕ್ಕೆ ಒಂದೊಂದು ಬಕೀಟು ತೂಗುಬಿಟ್ಟು ತಂಬಿಗೆಯಿಂದ ನೀರು ಸುರಿದೆವು.

ಹೆಣೆದ ದಾರದ ಬಕೀಟು ಮೊದಲು ಬಿತ್ತು.

“ಹರದಿಲ್ಲಲೇ, ಈ ದಾರ ನುಣುಪು, ನಿನ್ನ ಗಂಟು ಜಾರೇತಿ. ತುದಿ ನೋಡು,” ಎಂದ ಮಲ್ಲೇಶಿ.

“ಬಕೀಟು ಬಿತ್ತೋ ಇಲ್ಲೋ? ಅಷ್ಟ ಹೇಳು,” ಎಂದೆ. ತುದಿ ನೋಡಲಿಲ್ಲ.

ದೋಣಿ ನಡೆಸುವ ಹನುಮಂತಪ್ಪ ಬೀಡಿ ಹಚ್ಚುತ್ತ, “ಸರ್ ದೊಡ್ಡದ ಓದ್ಯಾರ. ಗಂಟಿನ ಪಾಠ ಇನ್ನೂ ಬಂದಿಲ್ಲ ಕಾಣತೈತಿ,” ಎಂದ. ಆ ಸಿಟ್ಟನ್ನು ಮಲ್ಲೇಶಿಯ ಮೇಲೆ ತೀರಿಸಿಕೊಂಡೆ. ಮೆಣಸಿನಕಾಯಿ ತೂಗುವವನಿಗೆ ವಿಜ್ಞಾನ ಯಾಕೆ ಎಂದುಬಿಟ್ಟೆ. ಆ ಮಾತು ಆಡಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅವನು ದಾರ ಸುತ್ತಿಕೊಂಡು ಬಸ್ಸಿಗೆ ಹೋದ. ಮುಂದಿನ ಭಾನುವಾರ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಸೋತವನು ಮುನಿಸಿಕೊಂಡ ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ನಮ್ಮಂಥ ವಿಚಾರವಂತರು ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲವನ್ನೂ ಸಂಶಯಿಸುತ್ತೇವೆ, ನಾವು ಗೆದ್ದದ್ದೊಂದನ್ನು ಬಿಟ್ಟು.

ಕಳೆದ ತಿಂಗಳು ಹಾವೇರಿಯ ಅಂಗಡಿಯೊಂದರಲ್ಲಿ ಅಂಥದೇ ದಾರ ಕಂಡಿತು. ತಂದು, ಹಿತ್ತಲಲ್ಲಿ ಅದೇ ಗಂಟು ಹಾಕಿ ಬಕೀಟಿಗೆ ನೀರು ಸುರಿದೆ. ಮೂರು ಸಲವೂ ಬಕೀಟು ಬಿತ್ತು. ಮೂರು ಸಲವೂ ತುದಿ ನೋಡಿದೆ. ಒಂದು ಎಳೆಯೂ ಹರಿದಿರಲಿಲ್ಲ.