ಗುಂಡುಕಲ್ಲು ಇಳಿಸುವ ಬಗೆ

ಕಬ್ಬೂರಿನ ನಮ್ಮ ಓಣಿಯ ಹನುಮಂತದೇವರ ಕಟ್ಟೆಗೆ ಆನಿಕೊಂಡು ಒಂದು ಗುಂಡುಕಲ್ಲಿದೆ. ಅದರ ಮೇಲೆ ಕೂತು ಮಾಸ್ತರರು ಪೇಪರ್ ಓದುತ್ತಾರೆ, ಹೆಂಗಸರು ಬುಟ್ಟಿಯಿಟ್ಟು ಉಸಿರು ಬಿಡುತ್ತಾರೆ. ನಾನು ಮಾತ್ರ ಹದಿನೆಂಟನೇ ವಯಸ್ಸಿನಿಂದ ಅತ್ತ ನೋಡದೆ ದಾಟಿಹೋಗುತ್ತಿದ್ದೆ. ಆ ಕಲ್ಲನ್ನು ಎದೆಗೇರಿಸಿ ಭುಜದ ಹಿಂದಕ್ಕೆ ಒಗೆದವನೇ ಗಂಡಸು ಎಂಬುದು ಊರ ಕಟ್ಟಳೆ. ಅಪ್ಪ ಮೂರು ಸಲ ಒಗೆದವನು. ನಾನು ಮೊಣಕಾಲವರೆಗೆ ತಂದು ಕೈಬಿಟ್ಟೆ. "ಮುಂದಿನ ವರ್ಷ ನೋಡೂಣ ಬಾರಲೇ" ಎಂದು ಅಪ್ಪ ಟವೆಲ್ ಕೊಡವಿ ನಡೆದುಬಿಟ್ಟ. ಆ ಮುಂದಿನ ವರ್ಷ ಬಾರದಂತೆ ನಾನೇ ನೋಡಿಕೊಂಡೆ.

ಇದು ನಮ್ಮೂರಿನ ಹುಚ್ಚು ಮಾತ್ರ ಎಂದುಕೊಳ್ಳಬೇಡಿ, ಗೆಳೆಯರೇ. ಆಫ್ರಿಕಾದಲ್ಲೆಲ್ಲೋ ಹುಡುಗರು ಸಾಲುಗಟ್ಟಿದ ದನಗಳ ಬೆನ್ನ ಮೇಲೆ ಓಡುತ್ತಾರಂತೆ. ಅಮೆಜಾನಿನ ಕಾಡಿನಲ್ಲಿ ಇರುವೆ ತುಂಬಿದ ಚೀಲದೊಳಗೆ ಕೈಯಿಟ್ಟು ತುಟಿ ಬಿಚ್ಚದೆ ನಿಲ್ಲುತ್ತಾರಂತೆ. ನಮ್ಮ ಈಗಿನ ಹುಡುಗರು ಕೊಗನೊಳ್ಳಿಯ ಹೆದ್ದಾರಿಯಲ್ಲಿ ಗಾಡಿಯ ಮುಳ್ಳನ್ನು ನೂರು ದಾಟಿಸಿದರೆ ಪಾಸು. ಎಲ್ಲ ಕಡೆಯೂ, ನಿಂತು ನೋಡುವ ಮಂದಿ ಮಾತ್ರ ಬೇಕೇ ಬೇಕು.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಬಚ್ಚಲಿಗೆ ಒಯ್ಯಲು ಆಳು ಇಡೋಣವೆಂದರೆ, ಪರರ ಮುಂದೆ ಬತ್ತಲಾಗಲಾರೆನೆಂದು ಊಟ ನೀರು ಬಿಟ್ಟು ಮಲಗಿದ. ನಾನೇ ಎತ್ತುತ್ತೇನೆ ಎಂದೆ. "ನಿನ್ ಕೈಲೆ ಎಲ್ಲಿ ಆಕ್ಕೈತೋ" ಎಂದ. ನನಗೂ ಅದೇ ಭಯವಿತ್ತು. ತೋಳು ಹಿಡಿದು ಎಳೆದೆ. ಅಪ್ಪ ಹಾಸಿಗೆಯ ಅಂಚಿಗೆ ಜಾರಿದ. ತೊದಲು ನಾಲಗೆಯಲ್ಲೇ ಅವನೊಳಗಿನ ಹಳೆಯ ಜಟ್ಟಿ ಗದರಿದ: "ರಟ್ಟಿ ಜಗ್ಗಬ್ಯಾಡಲೇ! ಅವತ್ತ ಗುಂಡನೂ ಹಿಂಗ ಬರೇ ರಟ್ಟಿಲೆ ಜಗ್ಗಿದಿ. ಮದಲ ತೊಡಿ ಮ್ಯಾಲ ತಗೋ, ಉಸರ ಹಿಡಿ, ಆಮ್ಯಾಲ ಎದಿಗೆ ಅವಚ್ಕೊ."

ಹಾಗೇ ಮಾಡಿದೆ. ಅಪ್ಪ ಎದೆಗೆ ಬಂದ. ಆ ಕಲ್ಲಿನ ಅರ್ಧ ತೂಕವೂ ಇರಲಿಲ್ಲ. ನನಗೆ ಅಳು ಬಂತು.

ಬಚ್ಚಲ ಮಣೆಯ ಹತ್ತಿರ ಇಬ್ಬರಿಗೂ ದಿಕ್ಕು ತೋಚಲಿಲ್ಲ. ಎತ್ತಿದ್ದನ್ನು ಹಿಂದಕ್ಕೆ ಒಗೆದು ಸಿಳ್ಳೆ ಗಿಟ್ಟಿಸುವುದಷ್ಟೇ ಅಪ್ಪನಿಗೆ ಗೊತ್ತು. ಇಳಿಸುವುದನ್ನು ಕಟ್ಟೆಯ ಮೇಲೆ ಯಾರೂ ಕಲಿಸಿರಲಿಲ್ಲ. ಮಂಡಿಯೂರಿ, ಕುತ್ತಿಗೆಗೆ ಕೈ ಆಸರೆ ಕೊಟ್ಟು, ಸಾವಕಾಶವಾಗಿ ಇಳಿಸಿದೆ. "ಇದ ನನಗ ಬರ್ತಿರಲಿಲ್ಲ ನೋಡ" ಎಂದ ಅಪ್ಪ, ಮೈ ತೊಳೆಸಿಕೊಂಡ ಮೇಲೆ ತಾನಾಗಿಯೇ ಅನ್ನ ಕೇಳಿದ.

ಈ ವರ್ಷ ನನ್ನ ಮಗನಿಗೆ ಹದಿನೆಂಟು. ಗುಂಡು ಎತ್ತಿಯೇ ಸೈ ಎಂದು ಹಟ ಹಿಡಿದಿದ್ದಾನೆ. ಎತ್ತಲಿ. ಆದರೆ ಒಗೆಯಲು ನಾನು ಬಿಡುವುದಿಲ್ಲ. ಮಂದಿ ಸಿಳ್ಳೆ ಹಾಕಲಿ ಬಿಡಲಿ, ಎದೆಗೆ ತಂದದ್ದನ್ನು ಮಂಡಿಯೂರಿ, ಸದ್ದಾಗದಂತೆ ಕಟ್ಟೆಯ ಬುಡಕ್ಕೆ ಇಡಿಸುತ್ತೇನೆ. ಅದನ್ನು ಅಪ್ಪನೂ ನೋಡಬೇಕು. ಕಟ್ಟೆಯವರೆಗೆ, ಓಣಿಯ ಎಲ್ಲರೆದುರು, ನಾನೇ ಅಪ್ಪನನ್ನು ಎತ್ತಿಕೊಂಡು ಹೋಗುತ್ತೇನೆ.